ಒಂದೇ ಅಳತೆಯ ಕಲ್ಲು

ನಮ್ಮೂರು ದರ್ರೆಬೀದ್‌ನ ಗೋರಿದಿಣ್ಣೆಯಲ್ಲಿ ಯಾವ ಗೋರಿಯೂ ಇನ್ನೊಂದರ ಸಾಲಿಗೆ ಬರುತ್ತಿರಲಿಲ್ಲ. ಮಲಗಿದವರ ಮುಖವೆಲ್ಲ ಮೆಕ್ಕಾದ ಕಡೆಗೇ, ಅದರಲ್ಲಿ ತಪ್ಪಿಲ್ಲ. ಆದರೆ ನೆಲವೆಲ್ಲ ಬಂಡೆ. ಎರಡು ಬಂಡೆಗಳ ನಡುವೆ ಆಳುದ್ದ ಮಣ್ಣು ಎಲ್ಲಿ ಸಿಕ್ಕಿತೋ ಅಲ್ಲಿ ಅಗೆದು ಹೂಳುತ್ತ ಬಂದವರು ನಾವು. ಹಾಗಾಗಿ ಒಬ್ಬ ಇಲ್ಲಿ, ಒಬ್ಬ ಅಲ್ಲಿ, ಅಜ್ಜ ಕೆಳಗೆ, ಮೊಮ್ಮಗ ಮೇಲೆ. ದೂರದಿಂದ ನೋಡಿದರೆ ಮಧ್ಯಾಹ್ನದ ಬಿಸಿಲಿಗೆ ಚೆದುರಿ ಮಲಗಿದ ಕುರಿಮಂದೆಯ ಹಾಗೆ ಕಾಣುತ್ತಿತ್ತು.

ಇರಾಕಿನೊಡನೆ ನಡೆದ ಯುದ್ಧಕ್ಕೆ ನಮ್ಮೂರಿಂದ ಹೋಗಿ ಸತ್ತ ಹುಡುಗರು ಐವರು. ಅವರ ಗೋರಿಗಳೂ ಹಾಗೆಯೇ, ದಿಣ್ಣೆಯ ನೆತ್ತಿಯಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ಇದ್ದವು. ಐದಕ್ಕೂ ಐದು ಬಗೆಯ ಕಲ್ಲು. ಒಬ್ಬನಿಗೆ ಅಪ್ಪ ಹೊಳೆಯಿಂದ ಹೊತ್ತು ತಂದ ಚಪ್ಪಡಿ. ಒಬ್ಬನಿಗೆ ಪೇಟೆಯ ಬಿಳಿಕಲ್ಲು, ಅದರ ಮೇಲೆ ಗಾಜಿನ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅವನ ಬಾಚಣಿಗೆ. ಗುಲಂದಾಮಳ ಮಗ ಫರಾಮರ್ಜ್‌ನ ಗೋರಿಯ ಮೇಲೆ ಮಾತ್ರ ಕಲ್ಲಿನ ಸಿಂಹ ನಿಂತಿತ್ತು.

ಬಖ್ತಿಯಾರಿ ಬುಡಕಟ್ಟಿನವರಾದ ನಮ್ಮಲ್ಲಿ ಹೋರಾಡಿ ಸತ್ತ ಗಂಡಸಿನ ತಲೆಗೆ ಸಿಂಹ ನಿಲ್ಲಿಸುವುದು ಹಳೆಯ ಪದ್ಧತಿ. ಸಿಂಹದ ಒಂದು ಪಕ್ಕೆಯ ಮೇಲೆ ಕತ್ತಿ, ಇನ್ನೊಂದರ ಮೇಲೆ ಕುದುರೆಯೋ ಕೋವಿಯೋ ಕೆತ್ತಿರುತ್ತಾರೆ. ಕಲ್ಲುಕುಟಿಗ ಉಸ್ತಾ ಖುದಾಕರಮ್‌ನ ಅಜ್ಜನ ಕಾಲಕ್ಕೇ ಅದು ನಮ್ಮೂರಲ್ಲಿ ನಿಂತುಹೋಗಿತ್ತು. ಗುಲಂದಾಮ್ ಅವನ ಅಂಗಳದಲ್ಲಿ ಹಟ ಹಿಡಿದು ಕೂತು ಮಾಡಿಸಿದಳು. ಆಗ ಅವಳಿಗೆ ನಲವತ್ತು ದಾಟಿರಲಿಲ್ಲ. ಗಂಡ ಮೊದಲೇ ಹೋಗಿದ್ದ, ಇದ್ದೊಬ್ಬ ಮಗನೂ ಹೋಗಿ ನಲವತ್ತು ದಿನವಾಗಿತ್ತು.

ಸಿಂಹದ ಮೈ ಮೂಡಿದ ಮೇಲೆ ಖುದಾಕರಮ್ ಕೇಳಿದನಂತೆ, "ಪಕ್ಕೆ ಮೇಲೆ ಏನು ಕೆತ್ತಲಿ ತಂಗೀ? ಕೋವಿ ತಾನೆ?"

"ಕೋವಿ ಬ್ಯಾಡ. ಅವ್ನ ಮೆಟ್ಟು ಕೆತ್ತು."

"ಸಿಂಹದ ಮೈ ಮೇಲೆ ಮೆಟ್ಟಾ! ಊರ ಹಿರೀಕರು ನನ್ನ ಉಳಿಸ್ತಾರಾ?"

"ಕೋವಿ ಅವ್ನ ಕೈಲಿ ಇದ್ದದ್ದು ನಾಕು ತಿಂಗ್ಳು. ಮೆಟ್ಟು ಮೂರು ವರ್ಷ ಕಾಲಲ್ಲಿತ್ತು. ಕುರಿ ಹಿಂದೆ ಅಲೆದೂ ಅಲೆದೂ ಸವೆಸಿದ್ದ. ಹೋಗೋ ದಿನ ಬಾಗಿಲ ಹತ್ರ ಬಿಟ್ಟು ಹೋದ. ನಂಗೆ ಗೊತ್ತಿರೋದನ್ನ ಕೆತ್ತು. ಗೊತ್ತಿಲ್ದೇ ಇರೋದನ್ನ ಕೆತ್ತೋಕೆ ಸರ್ಕಾರ ಐತೆ."

ಖುದಾಕರಮ್ ಹತ್ತಿ ದಾರದಿಂದ ಹೆಣೆದ ನಮ್ಮ ಕಡೆಯ ಮೆಟ್ಟನ್ನೇ ಕೆತ್ತಿದ, ಒಂದೊಂದು ಹೆಣಿಗೆಯೂ ಕಾಣುವ ಹಾಗೆ. ಹಿರಿಯರು ಒಂದು ವಾರ ಗೊಣಗಿದರು. ಆಮೇಲೆ ಅವರೂ ಒಬ್ಬೊಬ್ಬರಾಗಿ ಅದೇ ದಿಣ್ಣೆಗೆ ಹೋದರು.

ಅಲ್ಲಿಂದ ಮೂವತ್ತು ವರ್ಷ ಗುಲಂದಾಮ್ ಒಂದು ಗುರುವಾರವನ್ನೂ ತಪ್ಪಿಸಲಿಲ್ಲ. ಹೊತ್ತು ಇಳಿಯುವಾಗ ಕೊಡದಲ್ಲಿ ನೀರು, ಸೀಸೆಯಲ್ಲಿ ಗುಲಾಬಿ ನೀರು, ತಟ್ಟೆಯಲ್ಲಿ ಹಲ್ವಾ ಮತ್ತು ಖರ್ಜೂರ. ಸಿಂಹಕ್ಕೆ ಸ್ನಾನ ಮಾಡಿಸಿ, ಕುತ್ತಿಗೆಯ ಸಂದಿಯ ಹಾವಸೆಯನ್ನು ಚಾದರದ ಚುಂಗಿನಿಂದ ಒರೆಸಿ, ಕಾಲ ಬಳಿ ಕೂರುತ್ತಿದ್ದಳು. ಆಮೇಲೆ ನೆಲದಿಂದ ಒಂದು ಹರಳುಗಲ್ಲು ಎತ್ತಿಕೊಂಡು ಪೀಠವನ್ನು ಮೆಲ್ಲಗೆ ತಟ್ಟುತ್ತ, ಸತ್ತವರಿಗಾಗಿ ಹೇಳುವ ಫಾತಿಹಾ ಓದುವಳು. ನಾವೆಲ್ಲ ಮಾಡುವುದೇ ಅದು. ಬಾಗಿಲು ತಟ್ಟಿದ ಹಾಗೆ. ನೋಡಲು ಯಾರೋ ಬಂದಿದ್ದಾರೆಂದು ಒಳಗಿರುವವನಿಗೆ ತಿಳಿಯಬೇಕಲ್ಲ. ಓದಿಯಾದ ಮೇಲೆ ಅವಳು ವಾರದ ಸುದ್ದಿ ಹೇಳುವಳು. ಯಾವ ಆಡು ಈಯಿತು, ಯಾರ ಮದುವೆ ಮುರಿಯಿತು, ಅವನ ಚಿಕ್ಕಪ್ಪನ ಮಗ ಸಿಯಾವಶ್ ಹೇಗೆ ದಪ್ಪಗಾಗುತ್ತಿದ್ದಾನೆ, ಎಲ್ಲ.

ಹುತಾತ್ಮನ ತಾಯಿ ಎಂಬ ಮರ್ಯಾದೆಗೆ ಅವಳಿಗೇನೂ ಕಡಿಮೆಯಿರಲಿಲ್ಲ. ವರ್ಷಕ್ಕೊಮ್ಮೆ ಯುದ್ಧದ ನೆನಪಿನ ವಾರದಲ್ಲಿ ಪೇಟೆಯಿಂದ ಕಾರು ಬರುತ್ತಿತ್ತು. ಮೊದಲ ಸಾಲಿನಲ್ಲಿ ಕೂರಿಸುತ್ತಿದ್ದರು. ಅವಳು ಒಳಗೆ ಬಂದರೆ ದೊಡ್ಡ ದೊಡ್ಡವರು ಎದ್ದು ನಿಲ್ಲುತ್ತಿದ್ದರು. ಭಾಷಣವಾದ ಮೇಲೆ ಕಂಬಳಿಯೋ ಗೋಡೆ ಗಡಿಯಾರವೋ ಕೊಟ್ಟು ಕಳಿಸುತ್ತಿದ್ದರು. ಅವಳ ಎರಡು ಕೋಣೆಯ ಮನೆಯಲ್ಲಿ ಏಳು ಗಡಿಯಾರಗಳಾಗಿದ್ದವು. ಒಂದರ ಹೊತ್ತು ಇನ್ನೊಂದಕ್ಕೆ ಸರಿಬರುತ್ತಿರಲಿಲ್ಲ. "ಯಾವ್ದು ನಿಜ ಹೇಳ್ತದೆ ಅಂತ ನಂಗೂ ತಿಳೀದು. ಹಸಿವಾದ್ರೆ ಉಣ್ತೀನಿ," ಎನ್ನುತ್ತಿದ್ದಳು.

ಮೂವತ್ತನೆಯ ವರ್ಷದ ವಸಂತದಲ್ಲಿ ಪೇಟೆಯ ಕಚೇರಿಯಿಂದ ಮೊಹಬ್ಬತಿ ಎಂಬ ಅಧಿಕಾರಿ ಬಂದ. ಮೆದು ಮಾತಿನವನು, ಕೊರಳವರೆಗೆ ಗುಂಡಿ ಹಾಕಿದ ಅಂಗಿ. ಜೊತೆಯಲ್ಲಿ ಸಿಯಾವಶ್, ಹಿಂದೆ ಕುರ್ಚಿ ಹೊತ್ತ ಒಬ್ಬ ಹುಡುಗ. ಊರಿನ ಆಡಳಿತ ಆಗ ಸಿಯಾವಶ್‌ನದೇ. ಮೊಹರು, ಕಡತ, ಟ್ರ್ಯಾಕ್ಟರು ಎಲ್ಲ ಅವನ ಕೈಯಲ್ಲಿತ್ತು. ಮೊಹಬ್ಬತಿ ಬಾಗಿಲಲ್ಲೇ ಬಗ್ಗಿ ಗುಲಂದಾಮಳ ಚಾದರದ ಅಂಚನ್ನು ಕಣ್ಣಿಗೊತ್ತಿಕೊಂಡ.

"ತಾಯೀ, ನಾವೆಲ್ಲ ನಿಮ್ಮ ಕಾಲ ಧೂಳು."

"ಧೂಳಾದ್ರೆ ನೆಲದ ಮೇಲೆ ಕೂತ್ಕೋ ಬಾಪ್ಪ. ಮತ್ತೆ ನಿಮ್ಮ ಹುಡುಗ ಕುರ್ಚಿ ಯಾಕೆ ಹೊತ್ಕೊಂಡು ಬಂದ?"

ಸಿಯಾವಶ್ ಕೆಮ್ಮಿದ. ಮೊಹಬ್ಬತಿ ನಗುತ್ತ ನೆಲಕ್ಕೆ ಕೂತ. ಚಹಾ ಬಂತು. ಸಕ್ಕರೆ ಹರಳನ್ನು ಹಲ್ಲಿನ ನಡುವೆ ಇಟ್ಟುಕೊಂಡು ಅವನು ಒಂದು ದೊಡ್ಡ ಹಾಳೆ ಬಿಚ್ಚಿದ. ಅದರಲ್ಲಿ ನಮ್ಮ ದಿಣ್ಣೆಯ ನೆತ್ತಿ ಸಮತಟ್ಟಾಗಿತ್ತು. ಮೆಟ್ಟಿಲು, ದೀಪದ ಕಂಬ, ಐದು ಬಾವುಟ. ಐದು ಕರಿಕಲ್ಲುಗಳು ಒಂದೇ ಅಳತೆ, ಒಂದೇ ಅಕ್ಷರ, ಒಂದೇ ಸಾಲು.

"ಹುತಾತ್ಮರಲ್ಲಿ ಹೆಚ್ಚು ಕಡಿಮೆ ಅಂತ ಇರಬಾರದು ತಾಯಿ. ಒಬ್ಬರಿಗೆ ಸಿಂಹ, ಒಬ್ಬರಿಗೆ ಚಪ್ಪಡಿ ಅಂದರೆ ನೋಡಿದವರು ಏನೆನ್ನುತ್ತಾರೆ? ದೇಶಕ್ಕೆಲ್ಲ ಒಂದೇ ರೀತಿ ಮಾಡುತ್ತಿದ್ದೇವೆ."

"ಅವ್ರನ್ನ ಸೈನ್ಯದಲ್ಲಿ ಒಂದ್ಸಲ ಸಾಲಾಗಿ ನಿಲ್ಸಿದ್ರಲ್ಲ, ಸಾಕಾಗ್ಲಿಲ್ವಾ?"

"ಇದು ಗೌರವ ತಾಯಿ."

"ಗೌರವ ಯಾರಿಗೆ? ನಂಗಾದ್ರೆ, ನಂಗೆ ಬ್ಯಾಡ. ಅವ್ನಿಗಾದ್ರೆ, ಅವ್ನ ಕೇಳು ಹೋಗು. ಅವ್ನು ಹೂಂ ಅಂದ್ರೆ ನಂದೇನೂ ತಕರಾರಿಲ್ಲ."

ಮೊಹಬ್ಬತಿ ಹಾಳೆ ಸುತ್ತಿಕೊಂಡ. ಹೋಗುವಾಗ ಮತ್ತೆ ಚಾದರದ ಅಂಚನ್ನು ಕಣ್ಣಿಗೊತ್ತಿಕೊಂಡ. ಮನೆಯವರ ಒಪ್ಪಿಗೆಯ ಹೆಬ್ಬೆಟ್ಟಿಲ್ಲದೆ ಕಲ್ಲು ಮುಟ್ಟುವಂತಿಲ್ಲ ಎಂದು ಅವನೇ ಸಿಯಾವಶ್‌ಗೆ ಬೀದಿಯಲ್ಲಿ ಹೇಳಿದ್ದನ್ನು ನಾವು ಕೇಳಿಸಿಕೊಂಡೆವು. ಇನ್ನೊಂದು ಮಾತನ್ನೂ ಕೇಳಿಸಿಕೊಂಡೆವು. ದಿಣ್ಣೆಯ ಕೆಲಸವಾದರೆ ದೊಡ್ಡ ಅತಿಥಿಗಳು ಬರುತ್ತಾರೆ. ಅವರು ಬರಬೇಕಾದರೆ ಹೆದ್ದಾರಿಯಿಂದ ಊರವರೆಗೆ ಡಾಂಬರು ಹಾಕಲೇಬೇಕಾಗುತ್ತದೆ.

ರಸ್ತೆಯ ಮಾತು ಬಂದ ಮೇಲೆ ಊರು ಬೇರೆಯೇ ಆಯಿತು. ಹಿಂದಿನ ಚಳಿಗಾಲದಲ್ಲಷ್ಟೇ ಹಿಮ ಬಿದ್ದು ಕಾಲುದಾರಿ ಮುಚ್ಚಿ, ಹೆರಿಗೆ ನೋವು ತಿನ್ನುತ್ತಿದ್ದ ಒಬ್ಬ ಹೆಣ್ಣುಮಗಳನ್ನು ಏಣಿಯ ಮೇಲೆ ಮಲಗಿಸಿ ಹೊತ್ತುಕೊಂಡು ಹೋಗಿದ್ದೆವು. ಮಗು ದಾರಿಯಲ್ಲೇ ಹೋಯಿತು. ಹಾಗಾಗಿ ರಸ್ತೆ ಬೇಡ ಎನ್ನುವವರು ಯಾರೂ ಇರಲಿಲ್ಲ. ಉಳಿದ ನಾಲ್ಕು ಮನೆಯವರು ಹೆಬ್ಬೆಟ್ಟು ಒತ್ತಿದರು. ಜರೀನ್ ಮತ್ತು ಮಾಹ್‌ಪರಿ ಎಂಬ ಇಬ್ಬರು ತಾಯಂದಿರು ಅತ್ತುಕೊಂಡೇ ಒತ್ತಿದರು. ಇನ್ನಿಬ್ಬರ ಮನೆಯಲ್ಲಿ ದೂರದ ನೆಂಟರಷ್ಟೇ ಉಳಿದಿದ್ದರು, ಅವರಿಗೆ ಅಳುವ ಕಾರಣವೂ ಇರಲಿಲ್ಲ. ಗುಲಂದಾಮಳ ಮನೆ ಮುಂದೆ ಹೋಗುವಾಗ ಜನ ಜೋರಾಗಿ ನಿಟ್ಟುಸಿರು ಬಿಡತೊಡಗಿದರು. ಕೊಳಾಯಿಯ ಹತ್ತಿರ ಒಬ್ಬಳು ಅಂದೇಬಿಟ್ಟಳು, "ಸತ್ತ ಮಗನಿಗೆ ಸಿಂಹ ಬೇಕು, ಬದುಕಿರೋ ಮಕ್ಳಿಗೆ ದಾರಿ ಬ್ಯಾಡ."

ಗುಲಂದಾಮ್ ಕೊಡ ಇಳಿಸಿ ನಿಂತಳು. "ದಾರಿ ಬ್ಯಾಡ ಅಂತ ನಾನ್ಯಾವಾಗ ಅಂದೆ? ಅದನ್ನ ನನ್ ಮಗನ ಎದೆ ಮೇಲಿಂದ್ಲೇ ಯಾಕೆ ಹಾಯಿಸ್ಬೇಕು ಅಂತ ಕೇಳ್ದೆ."

ನಾವು ನಮ್ಮ ನಮ್ಮ ಕೊಡ ಎತ್ತಿಕೊಂಡು ನಡೆದೆವು. ಉತ್ತರ ಕೊಡಬಹುದಾಗಿತ್ತು.

ಗೋಧಿ ಕೊಯ್ಲಿಗೆ ಬರುವ ಹೊತ್ತಿಗೆ ಸಿಯಾವಶ್ ಒಂದು ದಿನ ಖುಷಿಯಲ್ಲಿ ಅವಳ ಮನೆಗೆ ಬಂದ.

"ದೊಡ್ಡಮ್ಮಾ, ನಿನ್ ಹೆಸ್ರು ಬಂದೈತೆ! ಕರ್ಬಲಾಕ್ಕೆ! ಹುತಾತ್ಮರ ತಾಯಂದಿರನ್ನ ಕರ್ಕೊಂಡು ಹೋಗ್ತಾರೆ. ಇಪ್ಪತ್ತು ದಿನ."

ಗುಲಂದಾಮ್ ಹಿಟ್ಟಿನ ಕೈಯಲ್ಲೇ ಕೂತುಬಿಟ್ಟಳು. ಅಲ್ಲಿನ ಇಮಾಮರ ಗೋರಿಯ ಜಾಲರಿ ಹಿಡಿದುಕೊಳ್ಳಬೇಕೆಂಬುದು ಅವಳು ಹುಡುಗಿಯಾಗಿದ್ದಾಗಿನ ಆಸೆ. ಕರ್ಬಲಾ ಇರುವುದು ಇರಾಕಿನಲ್ಲಿ, ಯುದ್ಧ ನಡೆದಿದ್ದೂ ಆ ದೇಶದೊಡನೆಯೇ. ಮಗ ದಾಟಲಾಗದೆ ಸತ್ತ ಗಡಿಯನ್ನು ತಾನು ಬಸ್ಸಿನಲ್ಲಿ ಕೂತು ದಾಟುವುದೇ ಎಂದು ಅವಳಿಗೆ ನಗುವೂ ಬಂತು, ಅಳುವೂ ಬಂತು.

"ನಿಜ್ವೇನೋ?"

"ನಿಜ ದೊಡ್ಡಮ್ಮ. ಅರ್ಜಿಗೆ ಇಲ್ಲೊಂದು ಒತ್ತು, ಇಲ್ಲೊಂದು, ಇಲ್ಲೊಂದು."

ಮೂರು ಕಡೆ ಒತ್ತಿಸಿಕೊಂಡ. ಹೆಬ್ಬೆರಳ ಮಸಿಯನ್ನು ತನ್ನ ಕರವಸ್ತ್ರದಿಂದ ತಾನೇ ಒರೆಸಿದ. ಮೂರನೆಯ ಹಾಳೆ ಯಾವುದೆಂದು ಅವಳು ಕೇಳಲಿಲ್ಲ. ಅವಳಿಗೆ ಓದು ಬರುತ್ತಿರಲಿಲ್ಲ. ನಮ್ಮಲ್ಲಿ ಓದು ಬರುತ್ತಿದ್ದವರು ಅಂಗಳದಲ್ಲೇ ನಿಂತಿದ್ದೆವು. ಯಾತ್ರೆಗೆ ಹೊರಟವಳ ಬಾಯಿಂದ ನಮಗೂ ಒಂದು ಪ್ರಾರ್ಥನೆ ಹೇಳಿಸಿಕೊಳ್ಳುವ ಆತುರದಲ್ಲಿದ್ದೆವು.

ಅವಳು ಹೋದ ಎರಡನೆಯ ದಿನ ಯಂತ್ರಗಳು ಬಂದವು.

ಇಪ್ಪತ್ತು ದಿನ ಕಳೆದು ಬುಧವಾರ ಅವಳು ಬಂದಳು. ವ್ಯಾನು ಹೊಸ ಡಾಂಬರಿನ ಮೇಲೆ ಸದ್ದಿಲ್ಲದೆ ಬಂತು. ಆ ರಸ್ತೆ ಊರಿನ ಇನ್ನೊಂದು ಮಗ್ಗುಲಿನಿಂದ ಬರುತ್ತದೆ, ಅಲ್ಲಿಂದ ದಿಣ್ಣೆ ಕಾಣುವುದಿಲ್ಲ. ಸಿಯಾವಶ್ ಕುರಿ ಕೊಯ್ಯಿಸಿದ. ಕೆಂಡದ ಮೇಲೆ ಎಸ್ಪಂದ್ ಕಾಳು ಹಾಕಿ ಹೊಗೆ ಎಬ್ಬಿಸಿ ದೃಷ್ಟಿ ತೆಗೆದರು. ಅವಳನ್ನು ಎಲ್ಲರೂ "ಕರ್ಬಲಾಯೀ, ಕರ್ಬಲಾಯೀ" ಎಂದು ಕರೆದರು. ಅವಳು ಇಮಾಮರ ಗೋರಿಗೆ ಮುಟ್ಟಿಸಿ ತಂದ ಹಸಿರು ದಾರದ ತುಂಡುಗಳನ್ನು ನಾವೆಲ್ಲ ಮಣಿಕಟ್ಟಿಗೆ ಕಟ್ಟಿಸಿಕೊಂಡೆವು. ದಿಣ್ಣೆಯ ವಿಷಯ ಮಾತ್ರ ಯಾರೂ ಹೇಳಲಿಲ್ಲ.

ಗುರುವಾರ ಹೊತ್ತು ಇಳಿಯುವಾಗ ಅವಳು ಕೊಡ ಹೊತ್ತು ಹೊರಟಳು. ಜೊತೆಗೆ ಯಾರೂ ಹೋಗಲಿಲ್ಲ. ನಾವು ಮಾಳಿಗೆಯ ಮೇಲೆ ನಿಂತು ನೋಡಿದೆವು.

ದಿಣ್ಣೆಯ ನೆತ್ತಿ ರೊಟ್ಟಿ ಲಟ್ಟಿಸುವ ಮಣೆಯಂತೆ ಸಮವಾಗಿತ್ತು. ಸಿಮೆಂಟಿನ ಕಟ್ಟೆ, ಅದರ ಹಿಂದಿನ ಅಂಚಿಗೆ ಮಲಗಿಸಿ ಹಾಸಿದ ಐದು ಕರಿಕಲ್ಲುಗಳು, ಮುಂದೆ ಅತಿಥಿಗಳು ನಿಲ್ಲಲು ಅಗಲವಾದ ಜಾಗ. ಕಲ್ಲುಗಳ ಮೇಲೆ ಯಂತ್ರದಿಂದ ಕೊರೆದ ಮುಖಗಳು. ಗುಲಂದಾಮ್ ಒಂದರಿಂದ ಇನ್ನೊಂದಕ್ಕೆ ಹೋದಳು. ಅವಳು ಮಗನನ್ನು ಮುಖ ನೋಡಿ ಗುರುತಿಸಲಿಲ್ಲವೆಂದು ಆಮೇಲೆ ತಿಳಿಯಿತು. ಕೊನೆಯ ಕಲ್ಲಿನಲ್ಲಿ, ಅವನಿಗೆ ಚಿಕ್ಕಂದಿನಲ್ಲೇ ಎಡಗಿವಿಯ ಮೇಲೆ ಆಗಿದ್ದ ಸೀಳನ್ನು ನೋಡಿ ಗುರುತಿಸಿದಳು. ಯಾಕೆಂದರೆ ಆ ಮುಖಕ್ಕೆ ತುಂಬು ಗಡ್ಡವಿತ್ತು. ಫರಾಮರ್ಜ್ ಸಾಯುವಾಗ ಅವನಿಗೆ ಹದಿನೆಂಟು, ಮೀಸೆಯೇ ಸರಿಯಾಗಿ ಮೂಡಿರಲಿಲ್ಲ.

ಅವಳು ಕಲ್ಲನ್ನು ತೊಳೆದಳು. ಕೂತಳು. ಕಟ್ಟೆಯ ಮೇಲೆ ಹರಳುಗಲ್ಲಿರಲಿಲ್ಲ, ಕೆಳಗಿಳಿದು ಹೋಗಿ ಒಂದು ತಂದಳು. ತಟ್ಟಿದಳು. ನಿಲ್ಲಿಸಿದಳು. ಕಿವಿಯನ್ನು ಕಲ್ಲಿನ ಹತ್ತಿರಕ್ಕೆ ತಂದು ಮತ್ತೆ ತಟ್ಟಿದಳು. ಎದ್ದು ಪಕ್ಕದ ಕಲ್ಲನ್ನು ತಟ್ಟಿದಳು. ಹೀಗೆ ಐದನ್ನೂ ತಟ್ಟಿ ನೋಡಿ, ಹಲ್ವಾದ ತಟ್ಟೆಯನ್ನು ಮುಚ್ಚಿದ್ದ ಬಟ್ಟೆ ತೆಗೆಯದೆಯೇ ಇಳಿದು ಬಂದಳು.

ನೇರವಾಗಿ ಸಿಯಾವಶ್‌ನ ಮನೆಗೆ ಹೋದಳು. "ಸತ್ತು ಮೂವತ್ತು ವರ್ಷಕ್ಕೆ ನನ್ ಮಗನಿಗೆ ಗಡ್ಡ ಬಂತೇನೋ ಸಿಯಾವಶ್?"

"ದೊಡ್ಡಮ್ಮ, ಕೂತ್ಕೋ. ನೀನೇ ಹೆಬ್ಬೆಟ್ಟು..."

"ನಾನೇ ಒತ್ತಿದ್ದು, ಗೊತ್ತಾಯ್ತು. ಇಮಾಮರ ಹೆಸ್ರು ಹೇಳಿ ಒತ್ತಿಸ್ದೆ. ಅದನ್ನ ನೀನೂ ಅವ್ರೂ ನೋಡ್ಕೊಳಿ. ಸಿಂಹ ಎಲ್ಲಿ?"

"ಪೇಟೆ ವಸ್ತುಸಂಗ್ರಹಾಲಯಕ್ಕೆ... ಹೋಗ್ಬೇಕು ಅಂತ..."

"ಹೋಯ್ತಾ?"

ಸಿಯಾವಶ್ ಚಹಾ ತರಲು ಒಳಗೆ ಕೂಗಿದ. ಅವಳು ಇನ್ನೇನೂ ಕೇಳದೆ ಕಲ್ಲುಕುಟಿಗನ ಮನೆಗೆ ನಡೆದಳು.

ಉಸ್ತಾ ಖುದಾಕರಮ್‌ಗೆ ಎಂಬತ್ತು ಹತ್ತಿರವಾಗಿತ್ತು. ಉಳಿ ಹಿಡಿಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅವಳು ಬರುತ್ತಾಳೆಂದು ಗೊತ್ತಿದ್ದವನ ಹಾಗೆ ಗೋಡೆಗೊರಗಿ ಕೂತಿದ್ದ.

"ನಾನು ಅಲ್ಲೇ ಇದ್ದೆ ತಂಗೀ," ಎಂದ. "ನನ್ನ ಕರ್ದಿದ್ರು, ಎತ್ತೋ ಬಗೆ ಹೇಳು ಅಂತ. ಹೊಟ್ಟೆ ಕೆಳಗೆ ಹಗ್ಗ ಹಾಕಿ, ನಾಕು ಆಳು ಸಾಕು ಅಂದೆ. ಅವ್ರಿಗೆ ಪುರುಸೊತ್ತಿರಲಿಲ್ಲ. ಯಂತ್ರದ ಹಲ್ಲು ಕುತ್ಗೆಗೆ ಕೊಟ್ರು. ಮೂರು ತುಂಡಾಯ್ತು."

"ತುಂಡೆಲ್ಲಿ?"

"ಕಟ್ಟೆ ಕೆಳ್ಗೆ. ತಗ್ಗು ತುಂಬೋಕೆ ಕಲ್ಲು ಬೇಕಾಗಿತ್ತು."

ಅವಳು ಹಲ್ವಾದ ತಟ್ಟೆಯನ್ನು ನೆಲಕ್ಕಿಟ್ಟು ಅವನೆದುರು ಕೂತಳು. ಆಮೇಲೆ, "ಕಲ್ಲು ತಟ್ಟಿದ್ರೆ ಡೋಲು ಬಡ್ದಂಗೆ ಸದ್ದು ಬರ್ತದೆ ಅಣ್ಣ. ಐದ್ರಲ್ಲೂ ಒಂದೇ ಸದ್ದು. ಕೆಳ್ಗೆ ಯಾರೂ ಇಲ್ಲ. ನನ್ ಮಗನ್ನ ಎಲ್ಲಿಗೆ ಹಾಕಿದ್ರು?"

"ಎಲ್ಲಿಗೂ ಹಾಕ್ಲಿಲ್ಲ. ಹೂಳಿದ ಹೆಣ ಎಬ್ಬಿಸೋದು ಧರ್ಮದಲ್ಲಿಲ್ಲ ಅಂದ್ರು. ಅದೊಂದು ಪಾಪಕ್ಕೆ ಹೆದರಿದ್ರು. ಅವ್ರು ಐದು ಜನಾನೂ ಇದ್ದಲ್ಲೇ ಅವ್ರೆ. ಕಲ್ಲು ಮಾತ್ರ ಸಾಲಿಗೆ ಹೋದ್ವು."

"ಸಿಮೆಂಟಿನ ಅಡಿಗೆ."

"ಹೂಂ. ಅಡಿಗೆ."

"ಎಲ್ಲಿ ಅಂತ ನಿಂಗೆ ಗೊತ್ತಾ?"

ಖುದಾಕರಮ್‌ಗೆ ಸಿಟ್ಟೇ ಬಂತು. "ಐದು ಗುಂಡೀನೂ ತೋಡಿದ್ದು ಈ ಕೈ. ಬಂಡೆ ಎಲ್ಲಿ ಮೂಗು ಚಾಚೈತೆ, ಎಲ್ಲಿ ಒಳಕ್ಕೆ ಸರಿದೈತೆ, ಕಣ್ಮುಚ್ಚಿ ಹೇಳ್ತೀನಿ. ಬಂಡೆ ಅಂಚು ಕಟ್ಟೆಯಿಂದಾಚೆ ಇನ್ನೂ ಕಾಣ್ತದೆ. ಅದನ್ನ ಅವ್ರಪ್ಪನಾಣೆಗೂ ಅಲ್ಲಾಡಿಸೋಕಾಗ್ಲಿಲ್ಲ."

ಮಾರನೆಯ ದಿನ ಬೆಳಿಗ್ಗೆ ಅವನು ತನ್ನ ಅಳತೆಯ ದಾರ ತೆಗೆದುಕೊಂಡು ಕೋಲೂರಿಕೊಂಡು ದಿಣ್ಣೆ ಹತ್ತಿದ. ಗುಲಂದಾಮ್ ಜರೀನ್‌ಳನ್ನೂ ಮಾಹ್‌ಪರಿಯನ್ನೂ ಕರೆದುಕೊಂಡು ಹೋದಳು. ಬಂಡೆಯ ಅಂಚಿನಿಂದ ದಾರ ಹಿಡಿದು ಅವನು ಒಂದೊಂದೇ ಜಾಗಕ್ಕೆ ಕೋಲಿನ ತುದಿ ಇಟ್ಟು ತೋರಿಸಿದ. ಎಲ್ಲವೂ ಕಟ್ಟೆಯ ಮುಂಭಾಗದಲ್ಲಿ, ಅತಿಥಿಗಳಿಗೆಂದು ಬಿಟ್ಟ ಅಗಲ ಜಾಗದಲ್ಲೇ ಇದ್ದವು. ಇದ್ದಿಲಿನಿಂದ ಗುರುತು ಹಾಕಲು ಹೋದ.

"ಗುರುತು ಬ್ಯಾಡ," ಎಂದಳು ಗುಲಂದಾಮ್. "ಹಾಕಿದ್ರೆ ಒರೆಸ್ತಾರೆ. ನಮ್ಮ ಕಣ್ಣಲ್ಲಿರ್ಲಿ."

ಉದ್ಘಾಟನೆಯ ದಿನ ಊರೆಲ್ಲ ದಿಣ್ಣೆಯ ಮೇಲಿತ್ತು. ಧ್ವನಿವರ್ಧಕದಲ್ಲಿ ಯುದ್ಧಕಾಲದ ಮೆರವಣಿಗೆಯ ಹಾಡು. ಬಾವುಟಗಳು ಗಾಳಿಗೆ ಪಟಪಟ ಎನ್ನುತ್ತಿದ್ದವು. ಕಟ್ಟೆಯ ಮುಂಭಾಗದಲ್ಲಿ ರತ್ನಗಂಬಳಿ ಹಾಸಿ ಕುರ್ಚಿ ಇಟ್ಟಿದ್ದರು. ನಡುವಿನ ದೊಡ್ಡ ಕುರ್ಚಿಯಲ್ಲಿ ರಾಜಧಾನಿಯಿಂದ ಬಂದ ಅತಿಥಿ, ಬಿಳಿ ಗಡ್ಡದ ಹಿರಿಯ. ಅವರ ಅಕ್ಕಪಕ್ಕ ಆರೇಳು ಜನ ಅಧಿಕಾರಿಗಳು. ಮೂವರು ತಾಯಂದಿರನ್ನು ಕೈಹಿಡಿದು ತಂದು ಅದೇ ಸಾಲಿನ ತುದಿಯಲ್ಲಿ ಕೂರಿಸಿದರು. ಅವರು ಬಂದಾಗ ಎಲ್ಲರೂ ಎದ್ದು ನಿಂತರು.

ಹಿರಿಯ ಅತಿಥಿ ಚೆನ್ನಾಗಿಯೇ ಮಾತಾಡಿದರು. ಈ ನೆಲದ ಒಂದೊಂದು ಹಿಡಿ ಮಣ್ಣೂ ಪವಿತ್ರ, ನಾವು ಇಲ್ಲಿ ಬರಿಗಾಲಲ್ಲಿ ನಡೆಯಬೇಕು ಎಂದರು. ಹೇಳುವಾಗ ಕಣ್ಣೊರೆಸಿಕೊಂಡರು, ಅದು ನಟನೆಯಾಗಿರಲಿಲ್ಲ. ನಮ್ಮ ಹೆಂಗಸರೂ ಅತ್ತರು. ಆಮೇಲೆ ಮೊಹಬ್ಬತಿ ಧ್ವನಿವರ್ಧಕದ ಮುಂದೆ ಬಂದು, ಹುತಾತ್ಮ ಫರಾಮರ್ಜ್‌ನ ವೀರಮಾತೆ ಈಗ ಮಗನ ಕಲ್ಲಿನ ಮೇಲಿನ ಹೊದಿಕೆ ಸರಿಸುತ್ತಾರೆ ಎಂದ. ಕ್ಯಾಮೆರಾದವನು ಓಡಿಹೋಗಿ ಕೊನೆಯ ಕರಿಕಲ್ಲಿನ ಹತ್ತಿರ ಮಂಡಿಯೂರಿದ.

ಗುಲಂದಾಮ್ ಎದ್ದಳು. ಕಲ್ಲಿನ ಕಡೆಗೆ ಹೋಗಲಿಲ್ಲ. ಕುರ್ಚಿಗಳ ಮುಂದೆಯೇ ನಡೆದು ಹಿರಿಯ ಅತಿಥಿಯ ಎದುರಿಗೆ ಬಂದು, ಕಂಬಳಿಯ ಅಂಚನ್ನು ಮಡಿಸಿ, ಬರಿಯ ಸಿಮೆಂಟಿನ ಮೇಲೆ ಕೂತಳು. ಚಾದರದೊಳಗಿಂದ ಹರಳುಗಲ್ಲು ತೆಗೆದು ನೆಲ ತಟ್ಟುತ್ತ ಫಾತಿಹಾ ಓದತೊಡಗಿದಳು.

ಹಾಡು ಹಾಕಿದವನು ಹಾಡು ನಿಲ್ಲಿಸಿದ. ಮೊಹಬ್ಬತಿ ಬಗ್ಗಿ ಮೆಲ್ಲಗೆ ಹೇಳಿದ, "ತಾಯೀ, ಕಲ್ಲು ಅಲ್ಲಿದೆ."

ಅವಳು ಓದಿ ಮುಗಿಸಿಯೇ ತಲೆಯೆತ್ತಿದಳು. "ಕಲ್ಲು ಅಲ್ಲೈತೆ. ಮಗ ಇಲ್ಲವ್ನೆ. ನಿಮ್ಮ ದೊಡ್ಡೋರ ಕುರ್ಚಿ ಕಾಲು ಅವ್ನ ಎದೆ ಮೇಲೈತೆ."

ಹತ್ತಿರವಿದ್ದವರಿಗೆಲ್ಲ ಕೇಳಿಸಿತು. ಗೋರಿಯನ್ನು ತುಳಿಯುವುದೆಂದರೆ ನಮ್ಮಲ್ಲಿ ಮಕ್ಕಳಿಗೂ ಗೊತ್ತು ಅದೆಂಥದೆಂದು. ಹಿರಿಯ ಅತಿಥಿ ಕೆಂಡ ಮುಟ್ಟಿದವರಂತೆ ಎದ್ದು ಪಕ್ಕಕ್ಕೆ ಸರಿದರು.

"ಸ್ವಾಮೀ, ಅಲ್ಲಿ ಬ್ಯಾಡಿ," ಎಂದಳು ಜರೀನ್ ತನ್ನ ಕುರ್ಚಿಯಿಂದ. "ಅಲ್ಲಿ ನನ್ನೋನು ಮಲಗವ್ನೆ."

ಅವರು ಎರಡು ಹೆಜ್ಜೆ ಹಿಂದಕ್ಕಿಟ್ಟರು.

"ಅದು ನಂದು," ಎಂದಳು ಮಾಹ್‌ಪರಿ. ಅವಳು ಆಗಲೇ ಅಳುತ್ತಿದ್ದಳು.

ಅಧಿಕಾರಿಗಳೂ ಎದ್ದಿದ್ದರು. ಯಾರಿಗೂ ಕಾಲು ಎಲ್ಲಿಡಬೇಕೆಂದು ತಿಳಿಯದೆ ಒಬ್ಬರ ಮೈ ಒಬ್ಬರು ಒತ್ತಿಕೊಂಡು, ಹೊಳೆ ನಡುವಿನ ಬಂಡೆ ಏರಿದ ಆಡುಗಳ ಹಾಗೆ ನಿಂತರು. ಸಿಯಾವಶ್ ಗುಂಪಿನ ಹಿಂದಿನಿಂದ ನುಗ್ಗಿ ಬಂದ. "ದೊಡ್ಡಮ್ಮಾ, ಏನಿದು? ಊರ ಮಾನ ತೆಗೀತಿದ್ದೀಯ. ಏಳು, ದಮ್ಮಯ್ಯ ಏಳು."

"ನೀನೂ ನಿಂತ ಕಡೆ ನೋಡ್ಕೋ. ಇನ್ನಿಬ್ರಿಗೆ ಹೇಳೋರಿಲ್ಲ, ಅವ್ರ ಪರವಾಗಿ ನಾನೇ ಹೇಳ್ತೀನಿ. ನಿನ್ನ ಬಲಗಾಲಿನ ಕೆಳ್ಗೊಬ್ಬ. ನಿನ್ನ ಜೊತೇಲಿ ಗೋಲಿ ಆಡ್ದೋನು."

ಸಿಯಾವಶ್ ಕಾಲೆತ್ತಿದ. ಎತ್ತಿದ ಕಾಲನ್ನು ಇಡಲಾರದೆ ಒಂದು ಗಳಿಗೆ ಹಾಗೆಯೇ ನಿಂತ. ಮಕ್ಕಳ್ಯಾರೋ ಕಿಸಕ್ಕೆಂದರು.

ಹಿರಿಯ ಅತಿಥಿ ಮೊಹಬ್ಬತಿಯ ಮುಖ ನೋಡಿದರು. "ಇದು ಹೌದೇನ್ರಿ?"

"ಸ್ವಲ್ಪ ಆಚೀಚೆ ಆಗಿರಬಹುದು ಸ್ವಾಮಿ. ಸಾಲಿಗೆ ತರುವಾಗ... ನೆಲ ಬಂಡೆ..."

"ಸ್ವಲ್ಪ ಎಂದರೆ?"

"ಎಂಟು ಮೊಳ," ಎಂದ ಉಸ್ತಾ ಖುದಾಕರಮ್ ತನ್ನ ಕೋಲಿನ ಮೇಲೆ ಗಲ್ಲವಿಟ್ಟುಕೊಂಡೇ. "ಕೊನೆಯೋನು ಹನ್ನೊಂದು."

ಹಿರಿಯರು ಗುಲಂದಾಮಳ ಕಡೆ ತಿರುಗಿದರು. ಧ್ವನಿ ಬಹಳ ತಗ್ಗಿತ್ತು. "ತಾಯಿ, ನಾನು ತಿಳಿಯದೆ ಕಾಲಿಟ್ಟೆ. ಕ್ಷಮಿಸಿ. ಈಗ ಇಲ್ಲಿಂದ ಹೋಗಬೇಕಾದರೆ ಎಲ್ಲಿ ಹೆಜ್ಜೆ ಇಡಲಿ?"

ಅವಳು ಕೈಯೆತ್ತಿ ಹೊದಿಕೆ ಹೊದ್ದ ಸಾಲನ್ನು ತೋರಿಸಿದಳು. "ಕಲ್ಲುಗಳ ಮೇಲೆ ನಡೀರಿ. ಅಲ್ಲಿ ಯಾರೂ ಇಲ್ಲ."

ಮೆಟ್ಟಿಲು ಕಲ್ಲುಗಳ ಆಚೆ ತುದಿಗಿತ್ತು, ಬೇರೆ ದಾರಿಯಿರಲಿಲ್ಲ. ಹಿರಿಯರು ಬಗ್ಗಿ ಪಾದರಕ್ಷೆ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಮೊದಲ ಕಲ್ಲಿನ ಮೇಲೆ ಕಾಲಿಟ್ಟರು. ಹೊದಿಕೆ ಜಾರಿ ಮುಖ ಬಯಲಾಯಿತು. ಅವರ ಹಿಂದೆ ಅಧಿಕಾರಿಗಳು, ಕೆಲವರು ಬಿಚ್ಚಿಕೊಂಡು, ಕೆಲವರು ಬೂಟಿನಲ್ಲೇ, ಒಬ್ಬರ ಹಿಂದೆ ಒಬ್ಬರು, ಐದು ಮುಖಗಳನ್ನೂ ತುಳಿದುಕೊಂಡು ಇಳಿದು ಹೋದರು. ಕೊನೆಗೆ ಮೊಹಬ್ಬತಿ ಹೋದ. ಅವನು ಆ ದಿನ ಚಾದರದ ಅಂಚನ್ನು ಕಣ್ಣಿಗೊತ್ತಿಕೊಳ್ಳಲಿಲ್ಲ.

ಕೆಳಗೆ ಶಾಮಿಯಾನದಲ್ಲಿ ಅನ್ನ ಮತ್ತು ಕುರಿಮಾಂಸ ಸಿದ್ಧವಾಗಿತ್ತು. ಆರಿಹೋಗುತ್ತದೆಂದು ಯಾರೋ ಕೂಗಿದರು. ನಾವು ಹೋಗಿ ಉಂಡೆವು. ಮೂವರು ಹೆಂಗಸರೂ ಉಸ್ತಾ ಖುದಾಕರಮ್ ಕೂಡ ಕಟ್ಟೆಯ ಮೇಲೆಯೇ ಇದ್ದರು.

ಕಟ್ಟೆ ಒಡೆದು ಸರಿಮಾಡುತ್ತಾರೆಂದು ಒಂದು ವರ್ಷ ಕಾದೆವು. ಪೇಟೆಯಿಂದ ಯಾರೂ ಬರಲಿಲ್ಲ. ಗುಲಂದಾಮಳಿಗೆ ಕಾರು ಕಳಿಸುವುದನ್ನು ಮಾತ್ರ ನಿಲ್ಲಿಸಿದರು. ಒಡೆಯುವುದು ಬೇಡವೆಂದು ಸಿಯಾವಶ್ ಅರ್ಜಿ ಬರೆದಿದ್ದಾನೆಂದೂ, ಒಡೆದರೆ ರಸ್ತೆಯ ಮೇಲಿನ ಪದರ ಹಾಕುವುದಿಲ್ಲವೆಂದು ಪೇಟೆಯವರೇ ಹೇಳಿ ಬರೆಸಿದರೆಂದೂ ಮಾತಿದೆ. ಯಾರೂ ವಿಚಾರಿಸಲು ಹೋಗಿಲ್ಲ. ರಸ್ತೆ ಚೆನ್ನಾಗಿದೆ. ಈ ಚಳಿಗಾಲದಲ್ಲಿ ಎರಡು ಹೆರಿಗೆ ಆಸ್ಪತ್ರೆಯಲ್ಲಾದವು.

ಗುರುವಾರ ಹೊತ್ತಿಳಿದಾಗ ಮೂವರೂ ಬಂದು ಆ ಬಯಲಿನಂಥ ಸಿಮೆಂಟಿನ ಮೇಲೆ, ಒಬ್ಬಳು ಅಲ್ಲಿ ಒಬ್ಬಳು ಇಲ್ಲಿ, ಸಾಲಿಲ್ಲದೆ ಕೂತು ನೆಲ ತಟ್ಟುತ್ತಾರೆ. ನಾವು ದಿಣ್ಣೆ ಹತ್ತಬೇಕಾದಾಗ ಮುಂಭಾಗವನ್ನು ಬಿಟ್ಟು ಕರಿಕಲ್ಲುಗಳ ಮೇಲೆಯೇ ನಡೆದು ಹೋಗುತ್ತೇವೆ. ಮಕ್ಕಳಿಗೂ ಹಾಗೆಯೇ ಕಲಿಸಿದ್ದೇವೆ. ಹೊಸ ರಸ್ತೆಯಲ್ಲಿ ಕಾರು ಮಾಡಿಕೊಂಡು ಹುತಾತ್ಮರ ದರ್ಶನಕ್ಕೆ ಬರುವ ಪೇಟೆಯ ಜನ ಅದನ್ನು ನೋಡಿ, ಈ ಊರಿನವರಿಗೆ ಸತ್ತ ಸೈನಿಕರ ಮೇಲೆ ಒಂದಿಷ್ಟೂ ಗೌರವವಿಲ್ಲವೆಂದು ಬಾಯಿಗೆ ಬಂದಂತೆ ಬೈದು ಹೋಗುತ್ತಾರೆ.